ಕಲ್ಚರ್‌ನಲ್ಲಿ ಏನೂ ಬೆಳೆಯದ ನ್ಯುಮೋನಿಯಾ

ಕಫದ ಕಲ್ಚರ್ (ಮಾದರಿಯಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ವರದಿಯಲ್ಲಿ "ರೋಗಕಾರಕ ಬ್ಯಾಕ್ಟೀರಿಯಾ ಬೆಳೆದಿಲ್ಲ" ಎಂಬ ಸಾಲನ್ನು ಓದಿದ ಕೂಡಲೇ ಎದೆಯಲ್ಲಿ ಸೋಂಕೇ ಇಲ್ಲವೆಂದು ರೋಗಿಯ ಮನೆಯವರು ಸಮಾಧಾನಪಡುತ್ತಾರೆ. ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ಇಂಥ ವರದಿಗಳನ್ನು ಬರೆದು ಕಳಿಸುವವನಾಗಿ ನಾನು ಹೇಳಬೇಕಾದದ್ದು ಏನೆಂದರೆ, ನಾವು ಬಳಸಿದ ಮಾಧ್ಯಮದಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಆಹಾರದ ಮಿಶ್ರಣದಲ್ಲಿ, ಒಂದೆರಡು ದಿನಗಳೊಳಗೆ ಬೆಳೆಯಬಲ್ಲ ರೋಗಾಣು ಆ ಮಾದರಿಯಲ್ಲಿ ಸಿಗಲಿಲ್ಲ ಎಂಬುದಷ್ಟನ್ನೇ ಆ ಸಾಲು ತಿಳಿಸುತ್ತದೆ. ಅಲ್ಲಿ ಬೆಳೆಯಲಾರದ ಬ್ಯಾಕ್ಟೀರಿಯಾಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅಟಿಪಿಕಲ್ (ಸಾಮಾನ್ಯ ಮಾದರಿಯದಲ್ಲದ) ನ್ಯುಮೋನಿಯಾ ತರುವವು ಇಂಥ ಬ್ಯಾಕ್ಟೀರಿಯಾಗಳೇ.

ಇವುಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಮೈಕೋಪ್ಲಾಸ್ಮಾ ನ್ಯುಮೋನಿಯೇ. ಶಾಲೆಗೆ ಹೋಗುವ ಮಕ್ಕಳು, ಹಾಸ್ಟೆಲಿನಲ್ಲಿರುವ ಯುವಕರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಸೋಂಕು ತಗುಲಿ ಎರಡು ಮೂರು ವಾರಗಳಾದ ಮೇಲೆ ಜ್ವರ, ತಲೆನೋವು, ಗಂಟಲುನೋವು ಶುರುವಾಗಿ, ಬಳಿಕ ಬಿಡದ ಕೆಮ್ಮು ಹಿಡಿದುಕೊಳ್ಳುತ್ತದೆ. "ಒಣ ಕೆಮ್ಮ ರೀ, ಕಫಾನೇ ಬೀಳವಲ್ದು" ಎಂದು ಕಫದ ಡಬ್ಬಿಯನ್ನು ಖಾಲಿಯಾಗಿಯೇ ಮರಳಿಸುವವರಲ್ಲಿ ಇಂಥವರೂ ಇರುತ್ತಾರೆ. ರೋಗಿ ನಡೆದಾಡಿಕೊಂಡೇ ಇರುತ್ತಾನೆ, ಸ್ಟೆತಸ್ಕೋಪಿನಲ್ಲಿ ಹೆಚ್ಚೇನೂ ಕೇಳಿಸುವುದಿಲ್ಲ, ಬಿಳಿ ರಕ್ತಕಣಗಳ ಸಂಖ್ಯೆಯೂ ಬಹುಪಾಲು ಸಹಜವಾಗಿರುತ್ತದೆ. ಎಕ್ಸ್‌-ರೇ ತೆಗೆದರೆ ಮಾತ್ರ ಶ್ವಾಸಕೋಶದಲ್ಲಿ ಅಲ್ಲಲ್ಲಿ ಮಚ್ಚೆಗಳು ಕಾಣುತ್ತವೆ. ಎಕ್ಸ್‌-ರೇ ಒಂದನ್ನೇ ನೋಡಿ ಇದು ಇಂಥದೇ ಬ್ಯಾಕ್ಟೀರಿಯಾ ಎಂದು ಯಾರೂ ಹೇಳಲಾರರು.

ಈ ಜೀವಿಗೆ ಕೋಶಭಿತ್ತಿಯೇ ಇಲ್ಲ. ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಹಚ್ಚುವ ಗ್ರಾಂ ಬಣ್ಣ ಹಿಡಿಯಲು ಭಿತ್ತಿ ಬೇಕು, ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್ ಗುಂಪಿನ ಔಷಧಗಳು ಕೆಲಸ ಮಾಡುವುದೂ ಆ ಭಿತ್ತಿಯ ರಚನೆಯನ್ನು ತಡೆದೇ. ಹೀಗಾಗಿ ಸೂಕ್ಷ್ಮದರ್ಶಕದಲ್ಲಿ ಕಾಣದಿರುವುದಕ್ಕೂ, ಅಮಾಕ್ಸಿಸಿಲಿನ್ ಕೊಟ್ಟರೂ ಜ್ವರ ಇಳಿಯದಿರುವುದಕ್ಕೂ ಕಾರಣ ಒಂದೇ. ವೈದ್ಯರು ಇಲ್ಲಿ ಅಜಿಥ್ರೊಮೈಸಿನ್ ಅಥವಾ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. 1944ರಲ್ಲಿ ಮನ್ರೋ ಈಟನ್ ಈ ರೋಗಾಣುವನ್ನು ಬೇರ್ಪಡಿಸಿದಾಗ, ಬ್ಯಾಕ್ಟೀರಿಯಾಗಳನ್ನು ತಡೆಯುವ ಶೋಧಕದ ಮೂಲಕವೂ ಅದು ನುಸುಳಿ ಹೋದದ್ದರಿಂದ ಅದನ್ನು ವೈರಸ್ ಎಂದೇ ಭಾವಿಸಲಾಗಿತ್ತು. 1962ರಲ್ಲಿ ಚಾನಕ್, ಹೇಫ್ಲಿಕ್ ಮತ್ತು ಬರೈಲ್ ಅದನ್ನು ಕೃತಕ ಮಾಧ್ಯಮದಲ್ಲಿ ಬೆಳೆಸಿದ ಮೇಲೆಯೇ ಅನುಮಾನ ಬಗೆಹರಿಯಿತು. ಅದನ್ನು ಬೆಳೆಸಲು ಇಂದಿಗೂ ಎರಡು ಮೂರು ವಾರಗಳು ಬೇಕಾಗುವುದರಿಂದ ಚಿಕಿತ್ಸೆಯ ಸಲುವಾಗಿ ಆ ದಾರಿ ಹಿಡಿಯುವವರು ವಿರಳ.

ಬದಲಿಗೆ ಮಾಡುವುದು ಎರಡು ಪರೀಕ್ಷೆ. ಗಂಟಲ ಸ್ವಾಬಿನಿಂದ ಮಾಡುವ, ರೋಗಾಣುವಿನ ಆನುವಂಶಿಕ ವಸ್ತುವನ್ನು ಹುಡುಕುವ ಪಿಸಿಆರ್ ರೋಗದ ಮೊದಲ ದಿನಗಳಲ್ಲಿಯೇ ಉತ್ತರ ಕೊಡಬಲ್ಲದು, ಆದರೆ ಅದು ಎಲ್ಲ ಊರುಗಳಲ್ಲಿ ಇಲ್ಲ, ಅಗ್ಗವೂ ಅಲ್ಲ. ನಮ್ಮ ಕಡೆ ಹೆಚ್ಚಾಗಿ ಬರೆದು ಕಳಿಸುವುದು ರಕ್ತದ ಐಜಿಎಂ (ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಪ್ರತಿಕಾಯ) ಪರೀಕ್ಷೆಯನ್ನು, ಮತ್ತು ತಪ್ಪಾಗಿ ಓದಲಾಗುವುದೂ ಅದೇ. ಐಜಿಎಂ ಏರಲು ರೋಗ ಶುರುವಾಗಿ ಸುಮಾರು ಒಂದು ವಾರ ಬೇಕು. ಮೂರನೆಯ ದಿನದ ರಕ್ತದಲ್ಲಿ ಅದು ಇಲ್ಲವೆಂದರೆ ಮೈಕೋಪ್ಲಾಸ್ಮಾ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಒಮ್ಮೆ ಏರಿದ ಐಜಿಎಂ ತಿಂಗಳುಗಟ್ಟಲೆ ಉಳಿಯುವುದೂ ಉಂಟು, ಆದ್ದರಿಂದ ಇಂದಿನ ಪಾಸಿಟಿವ್ ಹಿಂದಿನ ಸೋಂಕಿನ ಗುರುತೂ ಆಗಿರಬಹುದು. ಹಿಂದೆ ಈ ಸೋಂಕು ಆಗಿಹೋದ ವಯಸ್ಕರಲ್ಲಿ ಮತ್ತೆ ಸೋಂಕಾದಾಗ ಐಜಿಎಂ ಏರದೆಯೂ ಇರಬಹುದು. ಜ್ವರ ಬಂದು ಎಷ್ಟು ದಿನವಾಯಿತೆಂಬುದನ್ನು ಪರೀಕ್ಷೆಯ ಚೀಟಿಯಲ್ಲಿ ಬರೆಯದಿದ್ದರೆ ನಮ್ಮ ವರದಿಗೆ ಅರ್ಧ ಬೆಲೆಯೂ ಇರುವುದಿಲ್ಲ.

ಕೆಲವೊಮ್ಮೆ ಸುಳಿವು ಕೇಳದೆಯೇ ಸಿಗುತ್ತದೆ. ಈ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ, ತಂಪಿನಲ್ಲಿ ಕೆಂಪು ಕಣಗಳನ್ನು ಒಂದಕ್ಕೊಂದು ಅಂಟಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಅಂಥ ರಕ್ತವನ್ನು ಎಸಿ ಕೋಣೆಯ ಸೆಲ್ ಕೌಂಟರಿಗೆ ಹಾಕಿದರೆ ಕೆಂಪು ಕಣಗಳ ಎಣಿಕೆ ವಿಪರೀತ ಕಡಿಮೆಯಾಗಿ, ಎಂಸಿಎಚ್‌ಸಿ (ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಷ್ಟು ಸಾಂದ್ರವಾಗಿದೆ ಎಂಬ ಅಳತೆ) ಅಸಾಧ್ಯವೆನಿಸುವಷ್ಟು ಏರಿ ಬರುತ್ತದೆ. ಅದೇ ನಳಿಕೆಯನ್ನು 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗಿಟ್ಟು ಮತ್ತೆ ಹಾಕಿದರೆ ಅಂಕಿಗಳು ಸರಿಹೋಗುತ್ತವೆ. ಬೇರೆ ಕಾಯಿಲೆಗಳಲ್ಲಿಯೂ ಹೀಗಾಗುವುದರಿಂದ ಇದನ್ನು ಪುರಾವೆ ಎನ್ನಲಾಗದು. ಆದರೂ ಯಂತ್ರದ ದೋಷವೆಂದು ತಳ್ಳಿಹಾಕದೆ ವೈದ್ಯರಿಗೆ ಒಂದು ಫೋನ್ ಮಾಡುವುದು ನಮ್ಮ ಕೆಲಸದ ಭಾಗವೆಂದೇ ನಾನು ತಿಳಿದಿದ್ದೇನೆ.

ಅಟಿಪಿಕಲ್ ಗುಂಪಿನ ಇನ್ನೊಂದು ಬ್ಯಾಕ್ಟೀರಿಯಾ ಲೆಜಿಯೊನೆಲ್ಲಾ ಮೈಕೋಪ್ಲಾಸ್ಮಾಕ್ಕಿಂತ ಅಪಾಯಕಾರಿ. 1976ರ ಜುಲೈಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಮತ್ತು ಅಲ್ಲಿ ಓಡಾಡಿದವರಲ್ಲಿ ಕಾಣಿಸಿಕೊಂಡ ನ್ಯುಮೋನಿಯಾಕ್ಕೆ 34 ಜನ ಬಲಿಯಾದರು. ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಜೋಸೆಫ್ ಮ್ಯಾಕ್‌ಡೇಡ್, ರೋಗಿಗಳ ಮಾದರಿ ಚುಚ್ಚಿದ್ದ ಗಿನಿಯಿಲಿಗಳ ಅಂಗಾಂಶದಲ್ಲಿ ಕೆಲವು ಕೋಲಿನಾಕಾರದ ಬ್ಯಾಕ್ಟೀರಿಯಾಗಳನ್ನು ಕಂಡಿದ್ದರೂ ಮೊದಲು ಅವಕ್ಕೆ ಮಹತ್ವ ಕೊಟ್ಟಿರಲಿಲ್ಲ. ವರ್ಷದ ಕೊನೆಯಲ್ಲಿ ಅದೇ ಸ್ಲೈಡುಗಳನ್ನು ಮತ್ತೆ ತೆಗೆದು ನೋಡಿದರು. 1977ರ ಜನವರಿಯಲ್ಲಿ ಕಾರಣ ಜಗತ್ತಿಗೆ ತಿಳಿಯಿತು. ಇದು ಬೆಳೆಯಲು ಇದ್ದಿಲು, ಯೀಸ್ಟ್ ಸಾರ, ಕಬ್ಬಿಣ ಮತ್ತು ಸಿಸ್ಟೀನ್ ಬೆರೆಸಿದ ವಿಶೇಷ ಮಾಧ್ಯಮವೇ ಬೇಕು. ಹೇಳದೆ ಕಳಿಸಿದ ಕಫವನ್ನು ನಾವು ಆ ಮಾಧ್ಯಮಕ್ಕೆ ಹಾಕುವುದಿಲ್ಲ.

ಈ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ, ನಿಂತ ನೀರಿನಲ್ಲಿ ಹೆಚ್ಚುತ್ತದೆ, ಸೂಕ್ಷ್ಮ ತುಂತುರಿನೊಂದಿಗೆ ಶ್ವಾಸಕೋಶ ಸೇರುತ್ತದೆ. ದೊಡ್ಡ ಕಟ್ಟಡಗಳ ಕೂಲಿಂಗ್ ಟವರ್, ಬಹುದಿನ ಬಳಸದ ಶವರ್ ಇದರ ತಾಣಗಳು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ನಮ್ಮ ಊರಲ್ಲಿ ಚಾವಣಿಯ ಟ್ಯಾಂಕಿನ ನೀರು ತಾನಾಗಿಯೇ ಬಿಸಿಯಾಗುವುದನ್ನು ನೋಡುವಾಗೆಲ್ಲ ನನಗೆ ಇದರ ನೆನಪಾಗುತ್ತದೆ. ವಯಸ್ಸಾದ ರೋಗಿಗೆ ಜೋರು ಜ್ವರದೊಂದಿಗೆ ಭೇದಿ, ಗೊಂದಲದ ಮಾತು, ರಕ್ತದಲ್ಲಿ ಸೋಡಿಯಂ ಇಳಿಕೆ ಒಟ್ಟಿಗೆ ಕಂಡರೆ ಮೂತ್ರದ ಆಂಟಿಜೆನ್ (ರೋಗಾಣುವಿನ ಅಂಶ) ಪರೀಕ್ಷೆ ಕೇಳಬೇಕು. ಒಂದು ಗಂಟೆಯೊಳಗೆ ಫಲಿತಾಂಶ ಬರುತ್ತದೆ, ಆಂಟಿಬಯಾಟಿಕ್ ಶುರುಮಾಡಿದ ಮೇಲೂ ಸಿಗುತ್ತದೆ. ಆದರೆ ಅದು ಮುಖ್ಯವಾಗಿ ಲೆಜಿಯೊನೆಲ್ಲಾದ ಸೀರೊಗ್ರೂಪ್ 1 ಎಂಬ ಒಂದು ಬಗೆಯನ್ನು ಮಾತ್ರ ಹಿಡಿಯುವುದರಿಂದ ನೆಗೆಟಿವ್ ಬಂದಾಗಲೂ ಅನುಮಾನ ಬಿಡಬಾರದು.

ಇಲ್ಲಿ ಕ್ಷಯದ ಮಾತನ್ನು ಎತ್ತಲೇಬೇಕು. ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಅಟಿಪಿಕಲ್ ಬ್ಯಾಕ್ಟೀರಿಯಾಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ಮೇಲೂ ಅದರ ಪರಿಣಾಮವಿದೆ, ಆದರೆ ರೋಗ ವಾಸಿಯಾಗುವಷ್ಟಲ್ಲ. ಕಾರಣ ತಿಳಿಯದೆ ಅದನ್ನು ಕೊಟ್ಟರೆ ಕ್ಷಯರೋಗಿಗೆ ಕೆಲವು ದಿನ ಹಗುರವೆನಿಸುತ್ತದೆ, ಕಫದಲ್ಲಿ ರೋಗಾಣು ಸಿಗುವುದು ಕಷ್ಟವಾಗುತ್ತದೆ, ರೋಗ ಒಳಗೇ ಮುಂದುವರಿಯುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತವಾಗಿರುವಾಗ, ಮಾದರಿಯನ್ನು ಮೊದಲು ಕೊಟ್ಟು ಗುಳಿಗೆಯನ್ನು ಆಮೇಲೆ ನುಂಗುವುದು ಕಷ್ಟದ ಮಾತಲ್ಲ.

ಕಲಬುರಗಿ, ಯಾದಗಿರಿ ಕಡೆಯವರನ್ನು ನಾನು ಮತ್ತೊಂದು ಪ್ರಶ್ನೆ ಕೇಳುತ್ತೇನೆ: ಮನೆಯಲ್ಲಿ ಕುರಿ, ಮೇಕೆ, ದನ ಇವೆಯೇ, ಇತ್ತೀಚೆಗೆ ಯಾವುದಾದರೂ ಈದಿದೆಯೇ ಅಥವಾ ಕಂದು ಹಾಕಿದೆಯೇ? ಪ್ರಾಣಿಗಳಿಂದ ಮನುಷ್ಯರಿಗೆ ಬರುವ ಕ್ಯೂ ಜ್ವರಕ್ಕೆ ಕಾರಣವಾದ ಕಾಕ್ಸಿಯೆಲ್ಲಾ ಬರ್ನೆಟೈ ಎಂಬ ಬ್ಯಾಕ್ಟೀರಿಯಾ, ಸೋಂಕು ತಗುಲಿದ ಪ್ರಾಣಿಯ ಮಾಸಿನಲ್ಲಿ ಅಪಾರ ಪ್ರಮಾಣದಲ್ಲಿರುತ್ತದೆ. ಅದು ಒಣಗಿ ಧೂಳಿನೊಂದಿಗೆ ಏಳುವಾಗ ಕುರಿ ದಡ್ಡಿಯಲ್ಲಿ ಮಲಗುವ ಕುರಿಗಾರನಿಗೂ, ಬರಿಗೈಯಲ್ಲಿ ಮರಿ ಎಳೆದವರಿಗೂ ಸೋಂಕು ತಗುಲಬಹುದು. 1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಇದು ಮೊದಲು ಗಮನಕ್ಕೆ ಬಂದದ್ದೂ ಕಸಾಯಿಖಾನೆಯ ಕೆಲಸಗಾರರಲ್ಲಿಯೇ. ಜ್ವರ, ವಿಪರೀತ ತಲೆನೋವು, ನ್ಯುಮೋನಿಯಾ, ಜೊತೆಗೆ ಯಕೃತ್ತಿನ ಕಿಣ್ವಗಳ ಏರಿಕೆ ಇದ್ದರೆ ಡಾಕ್ಸಿಸೈಕ್ಲಿನ್ ಕೊಡಲು ವರದಿಗಾಗಿ ಕಾಯುವ ಅಗತ್ಯವಿಲ್ಲ. ಗಿಳಿ, ಪಾರಿವಾಳ ಸಾಕಿದವರಲ್ಲಿ ಹಕ್ಕಿಗಳಿಂದ ಬರುವ ಕ್ಲಮೈಡಿಯಾ ಸಿಟಾಸೈ ಎಂಬ ಬ್ಯಾಕ್ಟೀರಿಯಾ ನೆನಪಾಗಬೇಕು.

ಕ್ಯೂ ಜ್ವರವನ್ನು ಖಚಿತಪಡಿಸಲು ರೋಗದ ಆರಂಭದ ರಕ್ತ ಮತ್ತು ಕೆಲವು ವಾರಗಳ ನಂತರದ ರಕ್ತ ಎರಡೂ ಬೇಕು. ಎರಡನೆಯದರಲ್ಲಿ ಪ್ರತಿಕಾಯಗಳು ನಾಲ್ಕು ಪಟ್ಟು ಏರಿದ್ದರೆ ಸೋಂಕು ಹೊಸದೆಂದು ಹೇಳಬಹುದು. ಅಷ್ಟರಲ್ಲಿ ರೋಗಿ ಗುಣವಾಗಿ ಹೊಲಕ್ಕೆ ಮರಳಿರುತ್ತಾನೆ, ಸುರಪುರದಿಂದ ಮತ್ತೆ ಬಸ್ಸು ಹತ್ತಿ ರಕ್ತ ಕೊಡಲು ಬಾ ಎಂದರೆ ಬರುವುದು ಕಷ್ಟ. ಹೀಗಿದ್ದೂ ಮೊದಲ ರಕ್ತದ ಸೀರಂನ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದ) ಒಂದು ಭಾಗವನ್ನು ದಿನಾಂಕ ಬರೆದು ಫ್ರೀಜರಿನಲ್ಲಿ ಇಡಬೇಕೆಂದು ನಾನು ಒತ್ತಾಯಿಸುತ್ತೇನೆ. 1965ರಲ್ಲಿ ವಾಷಿಂಗ್ಟನ್ನಿನ ಆಸ್ಪತ್ರೆಯೊಂದರಲ್ಲಿ ಹರಡಿದ್ದ ನ್ಯುಮೋನಿಯಾದ ಕಾರಣ ಲೆಜಿಯೊನೆಲ್ಲಾ ಎಂದು ಹನ್ನೆರಡು ವರ್ಷಗಳ ನಂತರ ತಿಳಿದದ್ದು ಹಾಗೆ ಎತ್ತಿಟ್ಟಿದ್ದ ಸೀರಂನಿಂದಲೇ. ರೋಗಿ ಎರಡನೆಯ ಬಾರಿ ಬಂದ ದಿನ ಎರಡೂ ನಳಿಕೆಗಳನ್ನು ಒಂದೇ ಕಿಟ್ಟಿನಲ್ಲಿ, ಒಟ್ಟಿಗೇ ಪರೀಕ್ಷಿಸಬೇಕು. ಪಾಸಿಟಿವ್ ಬಂದರೆ ಅದೇ ದಡ್ಡಿಯಲ್ಲಿ ಮಲಗುವ ಉಳಿದವರಿಗೂ, ಆ ಊರಿನ ಪಶುವೈದ್ಯರಿಗೂ ಅಂದೇ ತಿಳಿಸಬೇಕು.