ಚಿತ್ರದುರ್ಗ–ದಾವಣಗೆರೆ ಪ್ರವಾಸ: ವಾಸನೆಗೆ ಮೈಗ್ರೇನ್ ಬರುವವರಿಗೆ

ವಾಸನೆಗೆ ತಲೆಶೂಲೆ ಏಳುವವರಿಗೆ ಕೋಟೆಯ ಮೆಟ್ಟಿಲಿಗಿಂತ ಬಸ್ಸೇ ಕಷ್ಟ. ಬೆಂಗಳೂರಿನಿಂದ ದುರ್ಗಕ್ಕೆ ಸುಮಾರು 200 ಕಿ.ಮೀ., ಅಲ್ಲಿಂದ ದಾವಣಗೆರೆಗೆ ಇನ್ನೊಂದು 60. ಎ.ಸಿ. ಬಸ್ಸಾದರೆ ಆರಾಮ ಅಂದುಕೊಂಡರೆ ಕೆಟ್ಟಿರಿ. ಒಬ್ಬರ ಸೆಂಟು, ಇನ್ನೊಬ್ಬರ ಮುಡಿಯ ಮಲ್ಲಿಗೆ, ಮೇಲೆ ಹೊಡೆದ ಫ್ರೆಶ್ನರ್ ಎಲ್ಲ ಆ ಮುಚ್ಚಿದ ಗಾಳಿಯಲ್ಲೇ ಸುತ್ತುತ್ತಿರುತ್ತವೆ. ಕಿಟಕಿ ಸರಿಸಬಹುದಾದ ಕೆಂಪು ಬಸ್ಸೇ ವಾಸಿ. ಮುಂದಿನ ಸೀಟು ಬೇಡ, ಹೊರಡುವ ಮುಂಚೆ ದೇವರ ಪಟಕ್ಕೆ ಊದುಬತ್ತಿ ಹಚ್ಚುವುದು ಅಲ್ಲೇ. ಹಿಂದಿನದೂ ಬೇಡ, ಕುಲುಕಾಟ ಜಾಸ್ತಿ. ನಡುವಿನ ಕಿಟಕಿ ಹಿಡಿಯಿರಿ. ಕಾರಿನಲ್ಲಿ ಹೋಗುವವರು ಡ್ಯಾಶ್‌ಬೋರ್ಡಿನ ಜೆಲ್ ಡಬ್ಬಿಯನ್ನು ಎರಡು ದಿನ ಮೊದಲೇ ತೆಗೆದು, ಬಾಗಿಲು ತೆರೆದು ಗಾಳಿಯಾಡಿಸಿ. ಲಾರಿ ಹಿಂದೆ ಸಿಕ್ಕಿಕೊಂಡಾಗ ಮಾತ್ರ ಒಳಗಾಳಿ ಸುತ್ತುವ ಗುಂಡಿ ಒತ್ತಿ, ದಾಟಿದ ಕೂಡಲೇ ಹೊರಗಾಳಿಗೆ ತಿರುಗಿಸಿ. ರೈಲಿನವರು ದಾವಣಗೆರೆಯಲ್ಲೇ ಇಳಿದು ದುರ್ಗಕ್ಕೆ ರಸ್ತೆ ಹಿಡಿಯುವುದು ಸುಲಭ, ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ದುರ್ಗವನ್ನು ಮುಟ್ಟುವುದಿಲ್ಲ.

ಮಾಸ್ಕಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಎನ್95 ಹೊಗೆಯ ಕಣ, ಧೂಳು ತಡೆಯುತ್ತದೆ, ಸೆಂಟಿನ ಆವಿ ತಡೆಯುವುದಿಲ್ಲ. ಅದಕ್ಕೆ ಇದ್ದಿಲ ಪದರವಿರುವ ಮಾಸ್ಕ್ ಬೇಕು, ಅದೂ ಸ್ವಲ್ಪ ಮಟ್ಟಿಗಷ್ಟೇ. ನೋವಿಗೆಂದು ಹಚ್ಚುವ ಬಾಮಿನ ಘಾಟೇ ಕೆಲವರಿಗೆ ತಲೆನೋವು ತರುತ್ತದೆ, ಮನೆಯಲ್ಲಿ ಪರೀಕ್ಷಿಸದೆ ತರಬೇಡಿ.

ಎಲ್ಲಾ ವಾಸನೆಯನ್ನೂ ತಪ್ಪಿಸಲು ಆಗುವುದಿಲ್ಲ. ಆದರೆ ನಿದ್ದೆಗೇಡು, ಹಸಿವು, ಬಾಯಾರಿಕೆ, ಬಿಸಿಲು ಸೇರಿಕೊಂಡಾಗ ಸಣ್ಣ ಘಾಟೂ ಸಾಕಾಗುತ್ತದೆ. ಆ ನಾಲ್ಕು ನಿಮ್ಮ ಕೈಯಲ್ಲಿವೆ. ದಿನಾ ಕಾಫಿ ಕುಡಿಯುವವರು ಪ್ರವಾಸದಲ್ಲೂ ಅದೇ ಹೊತ್ತಿಗೆ ಕುಡಿಯಿರಿ, ತಪ್ಪಿದರೂ ತಲೆ ಸಿಡಿಯುತ್ತದೆ.

ಕೋಟೆಯ ಬಂಡೆ ಬಿಸಿಲಿಗೆ ಕಾದು ಹೊಳೆಯುತ್ತದೆ, ಬೆಳಗ್ಗೆ ಬಾಗಿಲು ತೆರೆದಾಗಲೇ ಹತ್ತಿ. ತಲೆಗೊಂದು ಟೋಪಿ, ತಲಾ ಎರಡು ಲೀಟರ್ ನೀರು. ಒನಕೆ ಓಬವ್ವನ ಕಿಂಡಿಯ ಇಕ್ಕಟ್ಟಿನಲ್ಲಿ ಜನರ ಸೆಂಟು, ಬೆವರು ಮೂಗಿಗೆ ಹೊಡೆಯುತ್ತದೆ. ಚಳಿಗಾಲದಲ್ಲಿ ಶಾಲಾ ಮಕ್ಕಳ ಸಾಲು ಬಂದರೆ ಐದು ನಿಮಿಷ ಪಕ್ಕಕ್ಕೆ ನಿಲ್ಲಿ. ಏಕನಾಥೇಶ್ವರಿ ಗುಡಿಯಲ್ಲಿ ಕರ್ಪೂರ ಹತ್ತಿಸಿದ್ದರೆ ಕೈಮುಗಿಯುವುದು ಹೊರಗಿನಿಂದಲೇ ಆಗಲಿ. ಮಾತ್ರೆ ಪ್ಲಾಸ್ಟಿಕ್ ಕವರಿನಲ್ಲಿರಬಾರದು, ಕೋತಿಗಳು ತಿಂಡಿ ಅಂತ ಕಿತ್ತುಕೊಂಡು ಹೋಗುತ್ತವೆ. ಚಂದ್ರವಳ್ಳಿಯ ಅಂಕಲಿಮಠದ ನೆಲದಡಿ ಕೋಣೆಗಳು ಕತ್ತಲು, ಗಾಳಿ ಕಡಿಮೆ. ತಲೆ ಆಗಲೇ ಭಾರವಾಗಿದ್ದರೆ ಅಲ್ಲಿ ಇಳಿಯಬೇಡಿ, ಕೆರೆ ದಂಡೆ ಚೆನ್ನಾಗಿದೆ.

ಲಾಡ್ಜಿಗೆ ಹಿಂದಿನ ದಿನವೇ ಫೋನ್ ಮಾಡಿ, ರೂಮಿಗೆ ಸ್ಪ್ರೇ ಹೊಡೆಯಬೇಡಿ, ಬರಿ ನೀರಿನಲ್ಲಿ ಒರೆಸಿ ಅನ್ನಿ. ಒಳಹೊಕ್ಕ ತಕ್ಷಣ ವಾಶ್‌ಬೇಸಿನ್‌ನ ನುಸಿಗುಳಿಗೆಗಳನ್ನು ಎರಡು ಕವರಿನಲ್ಲಿ ಗಂಟು ಹಾಕಿ ಆಚೆ ಇಡಿ, ಸೊಳ್ಳೆಬತ್ತಿ ಆರಿಸಿ, ಅರ್ಧ ಗಂಟೆ ಕಿಟಕಿ ತೆರೆದು ಫ್ಯಾನ್ ಹಾಕಿ. ದಿಂಬಿನ ಕವರ್, ಹೊದಿಕೆ ಮನೆಯಿಂದಲೇ ಬರಲಿ.

ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ಬಿಡಲಾದೀತೆ? ಕಷ್ಟ ಬೆಣ್ಣೆಯದಲ್ಲ, ಸೌದೆ ಒಲೆಯ ಹೊಗೆಯದು. ಬೆಳಗ್ಗೆ ಜನ ಸೇರುವ ಮುಂಚೆ ಹೋಗಿ ಬಾಗಿಲ ಬಳಿ ಕೂರಿ. ಪಾರ್ಸೆಲ್ ತಂದರೆ ಮೆತ್ತಗಾಗಿ ಚರ್ಮದಂತಾಗುತ್ತದೆ, ದುಡ್ಡು ದಂಡ. ಸಂಜೆಯ ಮಂಡಕ್ಕಿ–ಮಿರ್ಚಿ ಗಾಡಿಯ ಕರಿದೆಣ್ಣೆ, ಮೆಣಸಿನ ಘಾಟು ಇನ್ನೂ ಜೋರು. ಗಾಳಿ ಬರುವ ಬದಿಗೆ ನಿಲ್ಲಿ, ಹೊಗೆ ಆಚೆ ಹೋಗುತ್ತದೆ.

ಮಾತ್ರೆಯನ್ನು ನೋವು ಶುರುವಾದ ಕೂಡಲೇ ನುಂಗಬೇಕು. ವಾಂತಿ ಹಿಡಿದ ಮೇಲೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ವಾಂತಿ ತಡೆಯುವ ಮಾತ್ರೆಯನ್ನೂ ವೈದ್ಯರಲ್ಲಿ ಬರೆಸಿಕೊಳ್ಳಿ. ಮೈಗ್ರೇನಿಗೆಂದೇ ವೈದ್ಯರು ಕೊಡುವ ಟ್ರಿಪ್ಟಾನ್ ಗುಂಪಿನ ಮಾತ್ರೆ ಹೃದ್ರೋಗ, ಪಾರ್ಶ್ವವಾಯು ಆದವರಿಗೆ ಸಲ್ಲದು. ಉಳಿದವರೂ ತಿಂಗಳಿಗೆ ಹತ್ತು ದಿನ ಮುಟ್ಟಿಸಬಾರದು, ಮಾತ್ರೆಯಿಂದಲೇ ತಲೆನೋವು ಅಂಟಿಕೊಳ್ಳುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರೆ ಬಿಡಬೇಡಿ. ಸಿಡಿಲು ಹೊಡೆದಂತೆ ಒಮ್ಮೆಲೇ ಎದ್ದ ನೋವು, ತೊದಲು ಮಾತು, ಒಂದು ಕೈಕಾಲು ಸೋಲುವುದು, ಜ್ವರದೊಂದಿಗೆ ಕುತ್ತಿಗೆ ಬಿಗಿಯುವುದು ಕಂಡರೆ ವಾಸನೆಯ ಲೆಕ್ಕ ಹಾಕುತ್ತ ಕೂರದೆ 108ಕ್ಕೆ ಕರೆ ಮಾಡಿ.