ಹಸೆ ಗೋಡೆ ಮುಂದೆ ಮೇಷ್ಟ್ರು
ಮೊನ್ನೆ ಸಾಗರದಲ್ಲಿ ಆಸ್ಟ್ರೇಲಿಯಾದ ಅಬೊರಿಜಿನಲ್, ಅಂದ್ರೆ ಮೂಲನಿವಾಸಿಗಳ ಕಲೆ ಬಗ್ಗೆ ಕ್ಲಾಸ್ ತಗೊಂಡಿದ್ದೆ. 1971ರಲ್ಲಿ ಪಾಪುನ್ಯಾ ಅನ್ನೋ ಊರಲ್ಲಿ ಜೆಫ್ರಿ ಬಾರ್ಡನ್ ಅನ್ನೋ ಮೇಷ್ಟ್ರು ಹುರಿದುಂಬಿಸಿದ್ದಕ್ಕೆ ಅಲ್ಲಿನ ಹಿರಿಯರು ಶಾಲೆ ಗೋಡೆ ಮೇಲೆ ಜೇನಿರುವೆ ಕಥೆನ ಚಿತ್ರವಾಗಿ ಬರೆದ್ರು, 1972ರಲ್ಲಿ ಪಾಪುನ್ಯಾ ತುಲಾ ಅಂತ ಅವರದ್ದೇ ಕಲಾವಿದರ ಕಂಪನಿನೂ ಆಯ್ತು, ಆದ್ರೆ ಆ ಗೋಡೆಗೆ ಆಮೇಲೆ ಬಣ್ಣ ಹೊಡೆದು ಮುಚ್ಚಿಬಿಟ್ರು, ಈಗ್ಲೂ ಹೊಟ್ಟೆ ಉರಿಯುತ್ತೆ ನಂಗೆ.

ಹಿಂದಿನ ಬೆಂಚಿಂದ ಒಬ್ಳು, 'ಸಾರ್, ನಮ್ಮಜ್ಜಿನೂ ಮದ್ವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೀತಾರೆ, ಅದೂ ಹಿಸ್ಟರಿನಾ?' ಅಂದ್ಳು.

ಸಂಜೆನೇ ಹೋದ್ವಿ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿದ ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಅಜ್ಜಿ ಉಸಿರು ಬಿಗಿಹಿಡಿದು ಒಂದೇ ಗೆರೆ ಎಳೆದ್ರು, ಸ್ಕೇಲ್ ಇಟ್ಟಂಗಿತ್ತು.

'ಇದು ಯಾವ ಕಾಲದ್ದಜ್ಜಿ?' ಅಂದೆ.

'ಮದ್ವೆ ಕಾಲದ್ದು ಮಾರಾಯ, ಮೊದ್ಲು ಕಾಫಿ ಕುಡಿ.'