ಎರಡು ವರ್ಷ ತಪ್ಪು ಹೆಸರು ಹೇಳಿದೆ

ಮೈಸೂರಿನಲ್ಲಿ ನಾನು ಗೈಡ್. ಜಗನ್ಮೋಹನ ಅರಮನೆಗೆ ಜನರನ್ನು ಕರೆದುಕೊಂಡು ಹೋದರೆ ಮೊದಲೆಲ್ಲ ನನಗೆ ಒಂದೇ ಅವಸರ. ಬೇಗ ಬೇಗ ನಡೆಸಿಕೊಂಡು ಹೋಗಿ ದೀಪದ ಚಿತ್ರದ ಮುಂದೆ ನಿಲ್ಲಿಸಬೇಕು. ಅಲ್ಲಿ ಕತ್ತಲು. ಹುಡುಗಿ ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈ ಅಡ್ಡ ಇಟ್ಟಿದ್ದಾಳೆ. ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಕಾಣುತ್ತದೆ. ಜನ ಅಬ್ಬಾ ಅಂದ ತಕ್ಷಣ ನಾನು, "ರಾಜಾ ರವಿವರ್ಮನ ಕೈಚಳಕ ನೋಡಿ!" ಅನ್ನುತ್ತಿದ್ದೆ.

ಒಂದು ದಿನ ಕೊಲ್ಲಾಪುರದ ಹಿರಿಯರೊಬ್ಬರು ಬಂದಿದ್ದರು. ಎಲ್ಲರ ಮುಂದೆ ಏನೂ ಅನ್ನಲಿಲ್ಲ. ಹೊರಗೆ ಬಂದ ಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, ಅದು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್ ಬರೆದದ್ದು, ತಮ್ಮ ಮಗಳನ್ನೇ ನಿಲ್ಲಿಸಿಕೊಂಡು.

ನಾಚಿಕೆಯಾಯಿತು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ 1940ರ ದಶಕದ್ದು, ಅದೂ ಜಲವರ್ಣ. ರವಿವರ್ಮನ ಅಸಲಿ ಚಿತ್ರಗಳು ಅದೇ ಕಟ್ಟಡದಲ್ಲಿವೆ. ಅವನ್ನೆಲ್ಲ ದಾಟಿಸಿಕೊಂಡು ಬಂದು ಇಲ್ಲಿ ಅವನ ಹೆಸರು ಹೇಳುತ್ತಿದ್ದೆ!

ಆ ರಾತ್ರಿ ನನ್ನ ಬಾಯಿಪಾಠವನ್ನೆಲ್ಲ ಕಾಗದದ ಮೇಲೆ ಇಳಿಸಿದೆ. ಒಂದೊಂದು ಸಾಲಿನ ಪಕ್ಕ 'ಯಾರು ಹೇಳಿದ್ದು?' ಅಂತ ಬರೆದೆ. ಸುಮಾರು ಸಾಲುಗಳಿಗೆ ಒಂದೇ ಉತ್ತರ: ಇನ್ನೊಬ್ಬ ಗೈಡ್. ಅವನ್ನು ಹೊಡೆದುಹಾಕಿದೆ. ಉಳಿದದ್ದು ಐದು ನಿಮಿಷಕ್ಕೂ ಸಾಲದು.

ಆಮೇಲೇ ನಾನು ಕಟ್ಟಡದ ಕಡೆ ತಿರುಗಿದ್ದು. ಇದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1861ರದ್ದು. ಈಗಿನ ದೊಡ್ಡ ಅರಮನೆಗಿಂತ ಹಳೆಯದು ಅಂದರೆ ಜನ ನಂಬುವುದೇ ಇಲ್ಲ. ಅಲ್ಲಿದ್ದ ಮರದ ಅರಮನೆಗೆ 1897ರಲ್ಲಿ, ರಾಜಕುಮಾರಿಯ ಮದುವೆ ಸಂದರ್ಭದಲ್ಲಿ ಬೆಂಕಿ ಬಿತ್ತು. ಹೆನ್ರಿ ಇರ್ವಿನ್ ನಕ್ಷೆಯ ಹೊಸ ಅರಮನೆ ಮುಗಿದದ್ದು 1912ಕ್ಕೆ. ಅಲ್ಲಿಯವರೆಗೆ ರಾಜಮನೆತನಕ್ಕೆ ಇದೇ ಮನೆ. ಅದಕ್ಕೇ 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದೂ ಇಲ್ಲಿನ ಮಂಟಪದಲ್ಲೇ, ವೈಸ್‌ರಾಯ್ ಕರ್ಜನ್ ಎದುರಿಗೆ. ದಸರಾ ದರ್ಬಾರು ಇಲ್ಲೇ. ಮೈಸೂರು ವಿಶ್ವವಿದ್ಯಾನಿಲಯದ ಮೊದಮೊದಲ ಘಟಿಕೋತ್ಸವಗಳೂ ಇಲ್ಲೇ. ಇದು ಚಿತ್ರಶಾಲೆ ಆದದ್ದು 1915ರಲ್ಲಿ.

ಈಗ ನಾನು ಓಡಿಸುವುದಿಲ್ಲ. ದಶಾವತಾರ ಕೆತ್ತಿದ ಮರದ ಬಾಗಿಲ ಹತ್ತಿರ ನಿಲ್ಲಿಸಿ, ಮಕ್ಕಳಿಗೆ "ಮತ್ಸ್ಯ ಎಲ್ಲಿದೆ, ಹುಡುಕಿ" ಅನ್ನುತ್ತೇನೆ. ದೊಡ್ಡವರೂ ಬಗ್ಗಿ ಹುಡುಕುತ್ತಾರೆ. ಗೋಡೆಯ ಮೇಲಿನ ಒಡೆಯರ ವಂಶವೃಕ್ಷದ ಮುಂದೆ ಇನ್ನೂ ಜಾಸ್ತಿ ಹೊತ್ತು. ದೀಪದ ಹುಡುಗಿ ಕಾಯುತ್ತಾಳೆ ಬಿಡಿ.

ಹೋದ ವಾರ ಅದೇ ಕತ್ತಲಲ್ಲಿ ನಮ್ಮ ಹಿಂದೆ ಒಂದು ದನಿ: "ರವಿವರ್ಮನ ಕೈಚಳಕ ನೋಡಿ!" ಚಿಕ್ಕ ವಯಸ್ಸಿನ ಗೈಡ್, ಪರಿಚಯದವನೇ. ಸುಮ್ನಿದ್ದೆ. ಹೊರಗೆ ಟೀ ಕುಡಿಯುವಾಗ ವಿಷಯ ಹೇಳಿದೆ. ಅವನು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ.

"ಅಣ್ಣಾ, ಅದನ್ನ ನಂಗೆ ಹೇಳಿಕೊಟ್ಟಿದ್ದೇ ನೀವಲ್ವಾ?"